ಪಾಟಾ ಒಂದು ಜಾಸ್ತಿ ಹಾಕ್ರಿ, ಮಿಸ್ತ್ರಿ!

"ಮಿಸ್ತ್ರಿ, ಹಿಂದ ಎರಡೂ ಬಾಜೂಕ ಒಂದೊಂದ್ ಪಾಟಾ ಜಾಸ್ತಿ ಹಾಕ್ರಿ."

"ಒಂದ್ ಸಾಕೇನ್ರಿ ಕಾಕಾ? ಎರಡ್ ಹಾಕ್ಲಿ?"

"ಎರಡೂ ಹಾಕಿಬಿಡ್ರಿ. ಉಳ್ಳಾಗಡ್ಡಿ ಸೀಜನ್ ಬಂತಲ್ಲ."

ಹುಬ್ಬಳ್ಳಿ-ಧಾರವಾಡದ ಯಾವ ಗ್ಯಾರೇಜಿನ ಮುಂದೆ ಅರ್ಧ ತಾಸು ನಿಂತರೂ ಇಂಥ ಮಾತು ಕಿವಿಗೆ ಬೀಳುತ್ತದೆ. ನಿಂತಿರುವುದು ಹೊಸ ಪಿಕಪ್ಪು. ಸೀಟಿನ ಪ್ಲಾಸ್ಟಿಕ್ ತೆಗೆದಿಲ್ಲ, ಬಂಪರಿಗೆ ಕಟ್ಟಿದ ನಿಂಬೆಹಣ್ಣು ಬಾಡಿಲ್ಲ, ಸಾಲದ ಮೊದಲ ಕಂತು ಇನ್ನೂ ಕಟ್ಟಿಲ್ಲ. ಆಗಲೇ ಗಾಡಿ ಆಪರೇಶನ್ ಟೇಬಲ್ ಮೇಲೆ!

ಪಾಟಾ ಅಂದರೆ ಹಿಂದಿನ ಎಕ್ಸಲ್ ಮೇಲೆ ಗಾಡಿಯ ಭಾರ ಹೊರುವ, ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿ. ಒಂದರ ಮೇಲೊಂದು ಇಷ್ಟು ಪಟ್ಟಿ ಅಂತ ಕಂಪನಿಯವರು ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ನಮ್ಮವರಿಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಕಂಪನಿಯ ಇಂಜಿನಿಯರು ನಮ್ಮ ಉಳ್ಳಾಗಡ್ಡಿ ಚೀಲ ನೋಡಿಲ್ಲ ಎಂಬುದು ನಮ್ಮವರ ವಾದ. ಈ ಪಟ್ಟಿಯ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಈ ಗಾಡಿಗೂ ನಮ್ಮ ಜಿಲ್ಲೆಗೂ ಏನು ನಂಟು ಎಂಬುದನ್ನು ನೋಡಬೇಕು. ಅದು ತಿಳಿಯದೆ ಬರೀ ಬೈದರೆ ಉಪಯೋಗವಿಲ್ಲ.

ಒಂದು ಗಾಡಿ, ಎರಡು ಮಣ್ಣು

ಹುಬ್ಬಳ್ಳಿಯಿಂದ ಪೂರ್ವಕ್ಕೆ ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆ ಹೊರಟರೆ ಕಣ್ಣು ಹಾಯುವತನಕ ಎರಿ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರದ ಕಡೆ ಹೊರಟರೆ ಕೆಂಪು ಮಣ್ಣು, ಏರು-ಇಳಿಜಾರು, ಅದನ್ನು ದಾಟಿದರೆ ದಾಂಡೇಲಿಯ ಕಾಡು. ಒಂದೇ ಪಿಕಪ್ಪು ಮುಂಜಾನೆ ಎರಿ ಹೊಲದಲ್ಲಿ, ಮಧ್ಯಾಹ್ನ ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ, ರಾತ್ರಿ ಘಟ್ಟದ ರಸ್ತೆಯಲ್ಲಿ ಇರಬೇಕಾಗುತ್ತದೆ. ಮೂರೂ ಕಡೆ ಸೈ ಅನ್ನಿಸಿಕೊಳ್ಳುವ ಗಾಡಿ ಜಗತ್ತಿನಲ್ಲಿ ಯಾರೂ ಮಾಡಿಲ್ಲ.

ಎರಿ ಮಣ್ಣಿನ ಗುಣ ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ನಡೆಯುವ ಮನುಷ್ಯನ ಚಪ್ಪಲಿಗೆ ನಾಲ್ಕು ಹೆಜ್ಜೆಗೆ ನಾಲ್ಕು ಪದರ ಅಂಟುತ್ತದೆ. ಗಾಡಿಯ ಟೈರಿನ ಗೀರುಗಳು ಎರಡು ಸುತ್ತಿಗೆ ತುಂಬಿ, ಟೈರು ನುಣ್ಣಗಿನ ಕುಂಬಾರನ ತಿಗರಿಯಂತಾಗುತ್ತದೆ. ಆಮೇಲೆ ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಮರಳಿನಲ್ಲಿ ಓಡಿಸಿದವನಿಗೂ, ಹಿಮದಲ್ಲಿ ಓಡಿಸಿದವನಿಗೂ ಈ ವಿದ್ಯೆ ಬರುವುದಿಲ್ಲ. ನವಲಗುಂದದವರನ್ನೇ ಕೇಳಬೇಕು.

ಅಷ್ಟು ಕಷ್ಟಪಟ್ಟು ಹೊಲಕ್ಕೆ ಗಾಡಿ ಒಯ್ಯುವುದು ಯಾಕೆ ಅಂತೀರಾ? ಹೆಸರಿನ ಬೆಳೆ ನೋಡಿರಿ. ಜೂನಿನಲ್ಲಿ ಬಿತ್ತಿದ್ದು ಎರಡು, ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ. ಅಂದರೆ ಸರಿಯಾಗಿ ಶ್ರಾವಣ-ಭಾದ್ರಪದದ ಮಳೆಯಲ್ಲಿ! ನಾಲ್ಕು ದಿನ ಜಿಟಿಜಿಟಿ ಹಿಡಿದರೆ ಕಾಯಿಯೊಳಗೇ ಮೊಳಕೆ. ಇವತ್ತು ಹೊಲದಿಂದ ಹೊರಗೆ ಬರದಿದ್ದರೆ ನಾಳೆ ಯಾರ್ಡಿನಲ್ಲಿ ಅರ್ಧ ದರ. ಅದರ ಬೆನ್ನಿಗೇ ಉಳ್ಳಾಗಡ್ಡಿ. 'ನಮ್ಮ ಹೊಲ ನಮ್ಮ ರಸ್ತೆ' ಅಂತ ಸರ್ಕಾರ ಯೋಜನೆಗೆ ಚೆಂದದ ಹೆಸರು ಇಟ್ಟಿತು. ಗರಸು ಬಿದ್ದ ಕಡೆ ಅನುಕೂಲ ಆಗಿದೆ, ಸುಳ್ಳು ಹೇಳಬಾರದು. ಗರಸು ಬೀಳದ ಕಡೆ ಅಜ್ಜನ ಕಾಲದ ಚಕ್ಕಡಿ ದಾರಿಯೇ ಗತಿ. ಎತ್ತು ಹೋದವು, ಚಕ್ಕಡಿ ಹೋಯಿತು, ದಾರಿ ಮಾತ್ರ ಹಾಗೇ ಉಳಿದಿದೆ.

ಇನ್ನು ಹಳ್ಳಗಳು. ನಮ್ಮ ಹಿರಿಯರು ಎಷ್ಟು ರಸಿಕರು ನೋಡ್ರಿ, ಒಂದಕ್ಕೆ ಬೆಣ್ಣಿಹಳ್ಳ ಅಂದರು, ಇನ್ನೊಂದಕ್ಕೆ ತುಪ್ಪರಿಹಳ್ಳ. ಬೇಸಿಗೆಯಲ್ಲಿ ನೋಡಿದರೆ ದಾಟಲು ಎರಡು ಹೆಜ್ಜೆ ಸಾಕು. ಮಳೆಗಾಲದಲ್ಲಿ ಮೇಲೆಲ್ಲೋ ಮಳೆಯಾದರೆ, ಇಲ್ಲಿ ಬಿಸಿಲಿದ್ದರೂ ಒಮ್ಮೆಲೇ ಏರಿ ಬರುತ್ತವೆ. 2009ರಲ್ಲಿ ಕಂಡೆವು, 2019ರ ಆಗಸ್ಟಿನಲ್ಲಿ ಕಂಡೆವು. ಫೋರ್ ವೀಲ್ ಇದೆ ಎಂಬ ಧೈರ್ಯದಿಂದ ತುಂಬಿದ ಹಳ್ಳಕ್ಕೆ ಗಾಡಿ ಇಳಿಸುವವನಿಗೆ ಒಂದು ಮಾತು: ನೀರು ಬಾಡಿಗೆ ತಾಗಿದಾಗ ಗಾಡಿ ತೇಲತೊಡಗುತ್ತದೆ. ತೇಲುವ ಗಾಡಿಗೆ ನಾಲ್ಕು ಗಾಲಿ ತಿರುಗಿದರೇನು, ಎಂಟು ತಿರುಗಿದರೇನು?

ಜೀಪಿನ ಕಾಲದ ಪಾಠ

ಗಾಡಿಗೆ ಕೈ ಹಚ್ಚುವ ಚಟ ಇಂದಿನದಲ್ಲ. 1945ರಲ್ಲಿ ಲುಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದ ಮಹೀಂದ್ರ ಆ್ಯಂಡ್ ಮೊಹಮ್ಮದ್ ಕಂಪನಿ 1947ರಲ್ಲಿ ಅಮೆರಿಕದ ವಿಲ್ಲೀಸ್ ಜೀಪಿನ ಭಾಗಗಳನ್ನು ತರಿಸಿ ಜೋಡಿಸತೊಡಗಿತು. ದೇಶ ಇಬ್ಭಾಗವಾಗಿ ಗುಲಾಂ ಮೊಹಮ್ಮದರು ಪಾಕಿಸ್ತಾನಕ್ಕೆ ಹೋದರು. ಅಲ್ಲಿ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ಲೂ ಆದರು! ಕಂಪನಿ 1948ರಲ್ಲಿ ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ಆ ಜೀಪುಗಳೇ ಅರಣ್ಯ ಇಲಾಖೆ, ನೀರಾವರಿ ಇಲಾಖೆ, ಪೊಲೀಸು, ಪುಢಾರಿಗಳ ಕೈ ದಾಟಿ, ಹರಾಜಿನಲ್ಲಿ ಗೌಡರ ವಾಡೆಗೆ ಬಂದು, ಕೊನೆಗೆ ನಮ್ಮ ಮಿಸ್ತ್ರಿಗಳ ಕೈಗೆ ಬಂದವು.

ಪೆಟ್ರೋಲು ಕುಡಿಯುವ ಜೀಪಿಗೆ ಡೀಸೆಲ್ ಎಂಜಿನ್ ಕೂಡಿಸುವುದು ಒಂದು ಕಾಲದಲ್ಲಿ ದೇಶದ ತುಂಬ ನಡೆದ ದೊಡ್ಡ ದಂಧೆ. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ಡೀಸೆಲ್ ಎಂಜಿನ್ ಮಹೀಂದ್ರ ಜೀಪಿಗೆ ಬಂದ ಮೇಲೆ ಆ ದಂಧೆ ಇಳಿಯಿತು. ಆ ಮಿಸ್ತ್ರಿಗಳ ಜಾಣತನಕ್ಕೆ ಕೈ ಮುಗಿಯಬೇಕು. ಆದರೆ ಅವರು ಜೀಪಿನ ಟೈರು ಅಗಲ ಮಾಡಲಿಲ್ಲ, ಗಮನಿಸಿದ್ದೀರಾ? ಯುದ್ಧಕಾಲದ ಜೀಪಿನ ಟೈರು 6.00-16. ಇಂದಿನ ಹುಡುಗರು ನೋಡಿದರೆ ಸೈಕಲ್ಲಿನ ಗಾಲಿ ಅಂತ ನಗುತ್ತಾರೆ. ಆ ಸಪೂರ ಗಾಲಿ ಮೇಲಿನ ಕೆಸರನ್ನು ಕತ್ತರಿಸಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತಿತ್ತು. ನಮ್ಮ ಚಕ್ಕಡಿಯ ಗಾಲಿಯೂ ಅದೇ ನ್ಯಾಯದ್ದು.

ಈಗಿನ ಫ್ಯಾಶನ್ನೇ ಬೇರೆ. 2000ದಲ್ಲಿ ಬೊಲೆರೋ ಬಂತು, ಅದರ ಬೆನ್ನಿಗೆ ಕ್ಯಾಂಪರು, ಪಿಕಪ್ಪು. ಟಾಟಾದವರ 207 ಅದಕ್ಕೂ ಮೊದಲೇ ಇತ್ತು, 1988ರ ಸುಮಾರಿಗೆ ಬಂದ ಟಾಟಾ ಮೊಬೈಲ್‌ನ ವಂಶದ್ದು. 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂದು, ಪಿಕಪ್ಪು ಅಂದರೆ ಬರೇ ಚೀಲ ಹೊರುವ ಗಾಡಿಯಲ್ಲ, ಬಿಳಿ ನಂಬರ್ ಪ್ಲೇಟಿನ ಸಾಹೇಬರ ಸವಾರಿಯೂ ಹೌದು ಎಂಬಂತಾಯಿತು. ಶನಿವಾರ ಬಂತೆಂದರೆ ಇಂಥ ನಾಲ್ಕಾರು ಗಾಡಿ ಕಲಘಟಗಿ ದಾರಿ ಹಿಡಿದು ಕಾಡಿನ ಕಡೆ ಹೊರಡುತ್ತವೆ. ಹೋಗಲಿ, ಖುಷಿ ಪಡಲಿ, ಯಾರ ಅಭ್ಯಂತರವೂ ಇಲ್ಲ. ಆದರೆ ಅವರ ಗಾಡಿಯ ಗುಂಡಾಂತರದ ಟೈರು ನೋಡಿ ಉಳ್ಳಾಗಡ್ಡಿ ಪಿಕಪ್ಪಿನ ಡ್ರೈವರೂ ಅಂಥದ್ದೇ ಹಾಕಿಸುತ್ತಾನಲ್ಲ, ಅಲ್ಲಿ ಬಂತು ತೊಂದರೆ.

ಟೈರು ದೊಡ್ಡದಾದರೆ ಸ್ಪೀಡೋಮೀಟರು ಸುಳ್ಳು ಹೇಳುತ್ತದೆ: ಮುಳ್ಳು 60 ತೋರಿಸುವಾಗ ಗಾಡಿ ಅದಕ್ಕಿಂತ ಜೋರಾಗಿ ಓಡುತ್ತಿರುತ್ತದೆ. ಗೇರಿನ ಎಳೆತ ಕಡಿಮೆಯಾಗುತ್ತದೆ, ಕ್ಲಚ್ ಪ್ಲೇಟು ಬೇಗ ಸುಡುತ್ತದೆ. ಅದೇ ಬ್ರೇಕು ಈಗ ದೊಡ್ಡ ಗಾಲಿಯನ್ನು ಹಿಡಿಯಬೇಕು, ಹಿಡಿತ ಸಡಿಲ. ಎರಿಯಲ್ಲಂತೂ ಅಗಲ ಟೈರು ಹೆಚ್ಚು ಮಣ್ಣು ಹೊತ್ತುಕೊಳ್ಳುತ್ತದೆ, ಅಷ್ಟೇ. ಕಂಪನಿ ಹೇಳಿದ ಸೈಜಿನಲ್ಲೇ, ಗೀರು ಆಳವಾಗಿ ದೂರ ದೂರ ಇರುವ ಲಗ್ ಟೈರು ಹಾಕಿದರೆ ಕೆಲಸ ಆಗುತ್ತದೆ. ಕೆಸರಿಗೆ ಇಳಿಯುವ ಮುಂಚೆ ಸ್ವಲ್ಪ ಗಾಳಿ ಇಳಿಸಿದರೆ ಹಿಡಿತ ಇನ್ನೂ ಹೆಚ್ಚು. ಆದರೆ ಟಾರ್ ರಸ್ತೆಗೆ ಏರಿದ ಕೂಡಲೇ ಮತ್ತೆ ತುಂಬಬೇಕು, ಇಲ್ಲದಿದ್ದರೆ ಹೇರಿನ ಭಾರಕ್ಕೆ ಟೈರು ಕಾಯ್ದು ಸೀಳುತ್ತದೆ. ಗಾಡಿಯಲ್ಲೊಂದು ಸಣ್ಣ ಗಾಳಿ ಪಂಪು ಇಡುವುದು ಮುಂದಿನ ನಾಲ್ಕು ಝಗಮಗ ಲೈಟಿಗಿಂತ ಮೇಲು.

ನಮ್ಮ ರಸ್ತೆಯ ಪಿಕಪ್ಪುಗಳಲ್ಲಿ ಬಹಳಷ್ಟು ಹಿಂದಿನ ಎರಡೇ ಗಾಲಿ ತಿರುಗುವಂಥವು. ಖಾಲಿ ಇದ್ದಾಗ ಹಿಂಭಾಗ ಹಗುರ, ಕೆಸರಿನಲ್ಲಿ ಗರಗರ ತಿರುಗಿ ಕುಣಿ ತೋಡುತ್ತದೆ. ಬಲ್ಲವರು ಹಿಂದಿನ ಎಕ್ಸಲ್ ಮೇಲೆ ಬರುವಂತೆ ನಾಲ್ಕು ಚೀಲ ಉಸುಕು ಹಾಕಿಕೊಂಡು ಹೊಲಕ್ಕೆ ಹೋಗುತ್ತಾರೆ. ಜೊತೆಗೆ ಎರಡು ಹಲಗೆ, ಹಳೇ ಗೋಣಿಚೀಲ, ದಪ್ಪ ಹಗ್ಗ, ಜಾಕಿನ ಕೆಳಗೆ ಇಡಲು ಒಂದು ಕಟ್ಟಿಗೆ ದಿಮ್ಮಿ. ಜಾಕಿನ ಕೆಳಗೆ ಕಟ್ಟಿಗೆ ಇರದಿದ್ದರೆ ಎರಿಯಲ್ಲಿ ಗಾಡಿ ಮೇಲೇಳುವುದಿಲ್ಲ, ಜಾಕೇ ಪಾತಾಳಕ್ಕೆ ಇಳಿಯುತ್ತದೆ!

ಫೋರ್ ವೀಲ್ ಇರುವವರಿಗೂ ಒಂದು ಮಾತು. ಒಣ ಟಾರ್ ರಸ್ತೆಯಲ್ಲಿ ಆ ಲಿವರ್ ಎಳೆಯಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದರೆ ಶಾಫ್ಟು, ಗೇರು, ಜಾಯಿಂಟು ಎಲ್ಲ ತಿರುಚಿಕೊಳ್ಳುತ್ತವೆ. ಹಾಗಂತ ವರ್ಷವಿಡೀ ಮುಟ್ಟದೆ ಬಿಟ್ಟರೂ ನಡೆಯದು. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ನಾಲ್ಕಾರು ಮೈಲು ಓಡಿಸಬೇಕು, ಒಳಗಿನ ಎಣ್ಣೆ ಎಲ್ಲ ಕಡೆ ಆಡಬೇಕು. ಮಳೆಗಾಲದ ಮೊದಲ ದಿನ ಹೊಲದಲ್ಲಿ ನಿಂತು ಲಿವರ್ ಎಳೆದು "ಬರವಲ್ದಲೋ ತಮ್ಮಾ" ಅಂದರೆ ಯಾರೇನು ಮಾಡಬೇಕು?

ಕೆಸರಿನಿಂದ ಬಂದ ರಾತ್ರಿ

ಪಿಕಪ್ಪಿನ ಆಯುಷ್ಯ ನಿರ್ಧಾರವಾಗುವುದು ಹೊಲದಲ್ಲಲ್ಲ, ಹೊಲದಿಂದ ಬಂದ ರಾತ್ರಿ. ಎರಿ ಮಣ್ಣು ಹಸಿ ಇದ್ದಾಗಲೇ ತೊಳೆಯಬೇಕು. ಒಣಗಿದರೆ ಸಿಮೆಂಟು. ಮೇಲೆ ಬಣ್ಣ ಫಳಫಳ ಹೊಳೆಯುವಂತೆ ತೊಳೆದು, ಕೆಳಗೆ ಹಾಗೇ ಬಿಡುವುದು ನಮ್ಮ ಪದ್ಧತಿ. ಗಾಲಿಯ ರಿಮ್ಮಿನ ಒಳಮೈಗೆ ಅಂಟಿದ ಒಂದು ಹೆಂಟೆ ಸಾಕು, 60ರ ವೇಗಕ್ಕೆ ಸ್ಟೇರಿಂಗು ನಡುಗತೊಡಗುತ್ತದೆ. ಮಾಲಕ ಅಲೈನ್‌ಮೆಂಟಿಗೆ ಹೋಗಿ ದುಡ್ಡು ಕೊಟ್ಟು ಬರುತ್ತಾನೆ, ಹೆಂಟೆ ಮಾತ್ರ ಅಲ್ಲೇ ಕುಳಿತಿರುತ್ತದೆ. ಬ್ರೇಕ್ ಡ್ರಮ್ಮಿನೊಳಗೆ ಮಣ್ಣು ಹೊಕ್ಕರೆ ಲೈನರು ತಿಂದು, ಡ್ರಮ್ಮಿಗೂ ಗೀರು ಹಾಕುತ್ತದೆ.

ಹಳ್ಳ ದಾಟುವವರು ತಿಳಿಯಬೇಕಾದದ್ದು ಇನ್ನೊಂದಿದೆ. ದೂರ ಓಡಿ ಬಂದ ಗಾಡಿಯ ಎಕ್ಸಲ್ ಕಾಯ್ದಿರುತ್ತದೆ. ಅದನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಎಂಬ ಸಣ್ಣ ಉಸಿರು ತೂತಿನಿಂದಲೋ ಸೀಲಿನ ಸಂದಿಯಿಂದಲೋ ನೀರು ಒಳಗೆ ಎಳೆದುಕೊಳ್ಳುತ್ತದೆ. ಎರಡು ದಿನ ಬಿಟ್ಟು ನಟ್ಟು ಬಿಚ್ಚಿ ನೋಡಿದರೆ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣ. ಹಾಗೇ ಓಡಿಸಿದರೆ ಕ್ರೌನ್-ಪಿನಿಯನ್ ಹಾಳು, ಖರ್ಚು ದೊಡ್ಡದು. ಉಪಾಯ ಸರಳ: ದಂಡೆಯಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ಗಾಡಿ ಆರಲಿ. ಬ್ರೀದರ್ ತೂತಿಗೆ ಒಂದು ರಬ್ಬರ್ ಪೈಪು ಜೋಡಿಸಿ ಮೇಲಕ್ಕೆ ಒಯ್ದು ಕಟ್ಟಿದರೆ ಇನ್ನೂ ಒಳ್ಳೆಯದು. ನನ್ನನ್ನು ಕೇಳಿದರೆ ನಮ್ಮ ಜಿಲ್ಲೆಯ ಗಾಡಿಗೆ ಮಾಡಿಸಬಹುದಾದ ಅತ್ಯಂತ ಅಗ್ಗದ, ಅತ್ಯಂತ ಉತ್ತಮ ಬದಲಾವಣೆ ಇದೇ. ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಯಾರೂ ಮಾಡಿಸುವುದಿಲ್ಲ.

ನೀರಿನ ನಡುವೆ ಎಂಜಿನ್ ಬಂದ್ ಆಯಿತೋ, ಮತ್ತೆ ಚಾಲೂ ಮಾಡಲು ಹೋಗಬೇಡಿ. ಸಿಲಿಂಡರಿನೊಳಗೆ ನೀರು ಹೊಕ್ಕಿದ್ದರೆ, ನೀರು ಗಾಳಿಯಂತೆ ಅಮುಕಿಕೊಳ್ಳುವುದಿಲ್ಲ. ಕನೆಕ್ಟಿಂಗ್ ರಾಡೇ ಬಾಗುತ್ತದೆ. ಹಗ್ಗ ಹಾಕಿ ಎಳೆಸಿಕೊಂಡು ಗ್ಯಾರೇಜಿಗೆ ಹೋಗುವುದು ಅವಮಾನವಲ್ಲ.

ಗ್ರೀಸ್ ಗನ್ನು ಒಂದು ಮನೆಯಲ್ಲೇ ಇರಲಿ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಪಾಟಾದ ಶಾಕಲ್ ಪಿನ್ನು, ಎಲ್ಲೆಲ್ಲಿ ನಿಪ್ಪಲ್ ಇದೆಯೋ ಅಲ್ಲಿಗೆ ನೀರು ದಾಟಿದ ಮರುದಿನ ಹೊಸ ಗ್ರೀಸು ಹೋಗಿ ಹಳೇ ಕೆಸರು ಹೊರಗೆ ಬರಬೇಕು. ಬೇಸಿಗೆಯ ಧೂಳಿನಲ್ಲಿ ಏರ್ ಫಿಲ್ಟರ್ ಕಡೆ ಕಣ್ಣಿರಲಿ. ಪಾಟಾ ಬಿಗಿದಿಟ್ಟ ಯು-ಬೋಲ್ಟುಗಳನ್ನು ಆಗಾಗ ಬಿಗಿ ಮಾಡಿಸಬೇಕು. ಅವು ಸಡಿಲಾದರೆ ನಡುವಿನ ಸೆಂಟರ್ ಬೋಲ್ಟು ಕತ್ತರಿಸಿ ಎಕ್ಸಲ್ಲೇ ಹಿಂದೆ-ಮುಂದೆ ಸರಿಯುತ್ತದೆ. ಮುಂದಿನ ಗಾಡಿ ಏಡಿಯಂತೆ ಓರೆಯಾಗಿ ಓಡುವುದನ್ನು ಪಿ.ಬಿ. ರೋಡಿನಲ್ಲಿ ನೀವು ನೋಡಿರಬಹುದು. ಕಾರಣ ಬಹಳ ಸಲ ಅದೇ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಸದೊಂದು ತಲೆನೋವಿದೆ. ಹಲವು ಡೀಸೆಲ್ ಗಾಡಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಜಾಳಿಗೆ ಇರುತ್ತದೆ. ಗಾಡಿ ಉದ್ದಕ್ಕೆ ಓಡಿ ಕಾಯ್ದರೆ ಮಸಿ ತಾನೇ ಸುಟ್ಟುಹೋಗುತ್ತದೆ. ಹೊಲದಿಂದ ಊರಿಗೆ, ಊರಿಂದ ಹೊಲಕ್ಕೆ ತೆವಳುತ್ತಿದ್ದರೆ ಕಟ್ಟಿಕೊಳ್ಳುತ್ತದೆ. "ತಗದ ಒಗದಬಿಡೋಣ್ರಿ" ಅನ್ನುವ ಮಿಸ್ತ್ರಿ ಸಿಗುತ್ತಾನೆ. ತೆಗೆದರೆ ಕಾನೂನಿಗೂ ವಿರುದ್ಧ, ಕಂಪ್ಯೂಟರೂ ತಕರಾರು ಮಾಡುತ್ತದೆ. ವಾರಕ್ಕೊಮ್ಮೆ ಬೈಪಾಸಿನಲ್ಲಿ ಒಂದು ಓಟ ಓಡಿಸುವುದು ಸುಲಭ.

ಈಗ ಆ ಪಾಟಾದ ವಿಷಯ

ಪಾಟಾ ಹೆಚ್ಚಿಸಿದರೆ ಏನಾಗುತ್ತದೆ? ಗಾಡಿ ಕುಸಿಯುವುದಿಲ್ಲ. ಇದು ನಿಜ. ಹತ್ತು ಚೀಲ ಹೆಚ್ಚು ಹೇರಿದರೂ ಹಿಂಭಾಗ ನೆಟ್ಟಗೆ ನಿಲ್ಲುತ್ತದೆ. ಮಾಲಕನಿಗೆ ಗಾಡಿಯ ತಾಕತ್ತು ಹೆಚ್ಚಾಯಿತು ಅನ್ನಿಸುತ್ತದೆ. ಹೆಚ್ಚಾದದ್ದು ಒಂದು ಪಟ್ಟಿ ಮಾತ್ರ. ಎಕ್ಸಲ್ ಅದೇ, ಬೇರಿಂಗು ಅದೇ, ಟೈರು ಅದೇ, ಚಾಸಿ ಅದೇ, ಬ್ರೇಕೂ ಅದೇ! ಮಾದರಿಗೆ ತಕ್ಕಂತೆ 1,300 ಕಿಲೋದಿಂದ 2,000 ಕಿಲೋತನಕ ಹೊರಲು ಮಾಡಿದ ಗಾಡಿಗಳಿವು. ಮೂರು ಟನ್ ಹೇರಿಕೊಂಡು ಇಳಿಜಾರಿಗೆ ಬಿಟ್ಟಾಗ ಅದನ್ನು ಹಿಡಿದು ನಿಲ್ಲಿಸುವುದು ಪಾಟಾ ಅಲ್ಲ.

ಬಹಳ ಮಂದಿಗೆ ಗೊತ್ತಿರದ ಸೂಕ್ಷ್ಮ ಒಂದಿದೆ. ಹಲವು ಪಿಕಪ್ಪುಗಳಲ್ಲಿ ಹಿಂದಿನ ಎಕ್ಸಲ್ಲಿಗೆ ಒಂದು ಸಲಾಕೆ ಜೋಡಿಸಿ, ಅದರ ಇನ್ನೊಂದು ತುದಿಗೆ ಚಾಸಿಯ ಮೇಲೆ ಒಂದು ವಾಲ್ವು ಕೂಡಿಸಿರುತ್ತಾರೆ. ಹೇರು ಬಿದ್ದು ಚಾಸಿ ಕೆಳಗೆ ಕುಸಿದಷ್ಟೂ ಆ ವಾಲ್ವು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಖಾಲಿ ಇದ್ದು ಎತ್ತರ ನಿಂತಿದ್ದರೆ ಕಡಿಮೆ ಬಿಡುತ್ತದೆ, ಹಗುರಾದ ಹಿಂದಿನ ಗಾಲಿ ಜಾಮ್ ಆಗಿ ಜಾರಬಾರದು ಅಂತ. ಈಗ ನೀವು ಎರಡು ಪಾಟಾ ಹೆಚ್ಚು ಹಾಕಿಸಿದಿರಿ. ಮೂರು ಟನ್ ಹೇರಿದರೂ ಚಾಸಿ ಕುಸಿಯಲಿಲ್ಲ. ಪಾಪ, ಆ ವಾಲ್ವಿಗೆ ಕಣ್ಣಿಲ್ಲ. ಗಾಡಿ ಖಾಲಿ ಇದೆ ಅಂದುಕೊಳ್ಳುತ್ತದೆ. ಬ್ರೇಕು ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ ಹಿಂದಿನ ಗಾಲಿಗೆ ಅತಿ ಕಡಿಮೆ ಬ್ರೇಕು! "ಬ್ರೇಕ್ ಫೇಲ್ ಆತ್ರಿ" ಎಂದು ಪಂಚನಾಮೆಯಲ್ಲಿ ಬರೆಸುತ್ತಾರೆ. ಬ್ರೇಕು ಫೇಲಾಗಿರಲಿಲ್ಲ, ಅದಕ್ಕೆ ಮೋಸ ಮಾಡಲಾಗಿತ್ತು.

ಉಳ್ಳಾಗಡ್ಡಿಯದು ತೂಕದ ಅಪಾಯ, ಮೆಣಸಿನಕಾಯಿಯದು ಎತ್ತರದ ಅಪಾಯ. ಒಣ ಮೆಣಸಿನಕಾಯಿ, ಹತ್ತಿ ಹಗುರ. ತೂಕ ಮುಟ್ಟುವ ಮುಂಚೆ ಹೇರು ಗೋಪುರ ಮುಟ್ಟಿರುತ್ತದೆ. ಅದಕ್ಕೆಂದೇ ಬಾಡಿಯ ಸುತ್ತ ಕಬ್ಬಿಣದ ಆ್ಯಂಗಲ್ ಎಬ್ಬಿಸುತ್ತಾರೆ. ಪಾಟಾದಿಂದ ಮೊದಲೇ ಎತ್ತರವಾದ ಗಾಡಿ, ಮೇಲೆ ಗೋಪುರ. ತಿರುವಿನಲ್ಲಿ ಅದು ಮಗ್ಗುಲಾಗದಿದ್ದರೇ ಆಶ್ಚರ್ಯ. ಸೆಕೆಂಡ್ ಹ್ಯಾಂಡ್ ಕೊಳ್ಳುವವರೂ ನೆನಪಿಡಬೇಕು: ಬಣ್ಣ ನೋಡಬೇಡಿ, ಕೆಳಗೆ ತೂರಿ ಹಿಂದಿನ ಪಾಟಾ ನೇತುಹಾಕಿದ ಜಾಗದಲ್ಲಿ ಚಾಸಿಗೆ ವೆಲ್ಡಿಂಗ್ ತೇಪೆ ಇದೆಯೇ ನೋಡಿ. ಇದ್ದರೆ ಚಹಾ ಕುಡಿದು ನಮಸ್ಕಾರ ಹೇಳಿ ಬಂದುಬಿಡ್ರಿ.

ಹೇರಿನ ಮೇಲೆ ಮನುಷ್ಯರು

ಚೀಲ ಉರುಳಿದರೆ ಚೀಲ ಹೋಯಿತು. ಮುಂಜಾನೆ ಕಳೆ ತೆಗೆಯಲು ಹೋಗುವ ಹೆಣ್ಣಾಳುಗಳು, ಸಂತೆಯ ವ್ಯಾಪಾರಿಗಳು, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೋ ಉಳವಿಗೋ ಹೊರಟ ಓಣಿಯ ಜನ ಇವರೆಲ್ಲ ಕುಳಿತುಕೊಳ್ಳುವುದು ಎಲ್ಲಿ? ಇದೇ ಪಿಕಪ್ಪಿನ ಹಿಂದೆ. ಬಸ್ಸು ಹೊತ್ತಿಗೆ ಬರುವುದಿಲ್ಲ, ಟಂಟಂ ಅಷ್ಟು ದೂರ ಹೋಗುವುದಿಲ್ಲ.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿ ವ್ಯಾಪಾರಿಗಳ ಲಾರಿ ಯಲ್ಲಾಪುರ ತಾಲೂಕಿನ ಅರೆಬೈಲ್ ಘಟ್ಟದಲ್ಲಿ ಕಣಿವೆಗೆ ಉರುಳಿತು. ಹೇರಿನ ಜೊತೆ ಕುಳಿತವರು ಇಪ್ಪತ್ತಕ್ಕೂ ಹೆಚ್ಚು. ಕನಿಷ್ಠ ಹತ್ತು ಮಂದಿ ಸತ್ತರು. ಗಾಯಾಳುಗಳು ಬಂದದ್ದು ನಮ್ಮ ಹುಬ್ಬಳ್ಳಿಯ ಕಿಮ್ಸಿಗೆ. ಅದು ಲಾರಿ, ಪಿಕಪ್ಪಲ್ಲ. ಆದರೆ ಕುಳಿತ ಕ್ರಮ ಅದೇ. ಪಿಕಪ್ಪಿನದೇ ಬೇಕೆಂದರೆ, 2024ರ ಮೇ 20ರಂದು ಛತ್ತೀಸ್‌ಗಢದ ಕವರ್ಧಾ ಬಳಿ ತೆಂದು ಎಲೆ ಕೊಯ್ಯಲು ಹೋಗಿದ್ದ ಕೂಲಿಗಳ ಪಿಕಪ್ಪು ಕಂದಕಕ್ಕೆ ಬಿದ್ದು 19 ಮಂದಿ ಹೋದರು, ಬಹುತೇಕ ಹೆಂಗಸರು.

ಇಂಥದ್ದಾದ ಮೇಲೆ ಮಾಲಕ ಹೇಳುವ ಮೊದಲ ಮಾತು, "ಇನ್ಶೂರನ್ಸ್ ಐತ್ರಿ." ಸ್ವಲ್ಪ ತಡೀರಿ. 1994ರ ತಿದ್ದುಪಡಿಯಿಂದ ಸರಕು ಗಾಡಿಯ ವಿಮೆಯಲ್ಲಿ ಸರಕಿನ ಮಾಲಕ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ರಕ್ಷಣೆ ಸಿಕ್ಕಿತು. ಹತ್ತಿ ಕುಳಿತ ಉಳಿದವರಿಗೆ? 2004ರ ಜನವರಿಯಲ್ಲಿ ಬಲ್ಜೀತ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ಸರಕು ಗಾಡಿಯಲ್ಲಿ ಪುಕ್ಕಟೆ ಕುಳಿತವರ ಪರಿಹಾರದ ಹೊಣೆ ವಿಮಾ ಕಂಪನಿಯದಲ್ಲ, ಗಾಡಿ ಮಾಲಕನದು. ಆ ಪ್ರಕರಣದಲ್ಲಿ ಕಂಪನಿ ಮೊದಲು ಹಣ ಕೊಟ್ಟು, ಆಮೇಲೆ ಮಾಲಕನಿಂದ ವಸೂಲು ಮಾಡಿಕೊಳ್ಳಲು ಕೋರ್ಟು ಬಿಟ್ಟಿತು. ಅಂದರೆ ಹಿಂದೆ ಕುಳಿತ ಒಂದೊಂದು ಜೀವದ ಪರಿಹಾರವೂ ಕಡೆಗೆ ಬಂದು ನಿಲ್ಲುವುದು ಮಾಲಕನ ಹೊಲ-ಮನೆಯ ಮೇಲೆ. ಪಾಪ, ಅವನದು ಎಷ್ಟಿರುತ್ತದೆ? ನಾಲ್ಕೆಕರೆ, ಅದರ ಮೇಲೂ ಬ್ಯಾಂಕಿನ ಬೋಜಾ. ಸತ್ತವರ ಮನೆಗೂ ಏನೂ ದಕ್ಕುವುದಿಲ್ಲ, ಇವನ ಮನೆಯೂ ಉಳಿಯುವುದಿಲ್ಲ. ಹೇರುವ-ಇಳಿಸುವ ಹಮಾಲರನ್ನು ಒಯ್ಯುವವರು ಪಾಲಿಸಿ ಮಾಡಿಸುವಾಗಲೇ ಅವರ ಸಂಖ್ಯೆ ಹೇಳಿ ಬರೆಸಬೇಕು. ಹೆಚ್ಚಿನ ಪ್ರೀಮಿಯಂ ದೊಡ್ಡ ಮೊತ್ತವೇನಲ್ಲ. ಏಜಂಟ ಕೇಳುವುದಿಲ್ಲ, ನೀವೇ ಹೇಳಬೇಕು.

ಪಾಸಿಂಗಿನ ನಾಟಕ

ಗಾಡಿಗೆ ಕೈ ಹಚ್ಚುವುದರ ಬಗ್ಗೆ ಕಾನೂನು ಗಟ್ಟಿಯಾಗಿಯೇ ಇದೆ. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿ ಬದಲಿಸುವ ಹಾಗಿಲ್ಲ ಎಂದು 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳತನಕ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಬಂತು. ಹೆಚ್ಚು ಹೇರಿದರೆ 20,000, ಮೇಲಿನ ಒಂದೊಂದು ಟನ್ನಿಗೆ 2,000. ಮುಂದೆ ಕೋಡುಗಳಂತೆ ಕೂಡಿಸುವ ಬುಲ್ ಗಾರ್ಡಿನ ವಿರುದ್ಧ ಕ್ರಮ ತಗೊಳ್ಳಿ ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಗುದ್ದಿದಾಗ ಬಂಪರು ನಜ್ಜುಗುಜ್ಜಾಗಿ ಹೊಡೆತ ನುಂಗಬೇಕು. ಗಾರ್ಡು ಅದನ್ನು ನೇರ ಚಾಸಿಗೆ ಕಳಿಸುತ್ತದೆ, ಅಡ್ಡ ಬಂದ ಮನುಷ್ಯನ ಗತಿ ಹೇಳುವುದೇ ಬೇಡ.

ಹೀಗೆಲ್ಲ ಇದ್ದೂ ಗಾಡಿ ಪಾಸಿಂಗ್ ಹೇಗೆ ಆಗುತ್ತದೆ? ಎಂಟು ವರ್ಷದತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪಾಸಿಂಗ್. ಹಿಂದಿನ ದಿನ ಗಾರ್ಡು, ಆ್ಯಂಗಲ್ಲು, ಹೆಚ್ಚಿನ ಪಾಟಾ ಎಲ್ಲ ಬಿಚ್ಚಿ ಗ್ಯಾರೇಜಿನ ಮೂಲೆಗೆ. ಸರ್ಟಿಫಿಕೇಟ್ ಕೈಗೆ ಬಂದ ಸಂಜೆ ಮತ್ತೆ ಕೂಡಿಸುವುದು. ಕೆಎ-25 ಆಗಲಿ, ಕೆಎ-63 ಆಗಲಿ, ಈ ನಾಟಕದ ಪಾತ್ರಧಾರಿಗಳು ಬೇರೆ ಬೇರೆ, ಕಥೆ ಒಂದೇ. ಸಾಹೇಬರು ಪಾಸಿಂಗಿನ ದಿನ ನೋಡಿದರೆ ಏನು ಕಂಡೀತು? ಸೀಜನ್ನಿನ ಒಂದು ಮುಂಜಾನೆ ಅಮರಗೋಳದ ಯಾರ್ಡಿನ ಹೊರಗೆ ನಿಂತು, ಬರುವ ಗಾಡಿಗಳ ಹಿಂದಿನ ಪಾಟಾ ಎಣಿಸಿದರೆ ಸಾಕು. ಎಣಿಸಲು ಇಂಜಿನಿಯರಿಂಗ್ ಓದಬೇಕಿಲ್ಲ.

ಅಲ್ಲಿಯತನಕ ಮಾಲಕರು ತಾವೇ ಮಾಡಬಹುದಾದದ್ದು ಒಂದಿದೆ. ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತಾರೆ, ಖಾಲಿ ಗಾಡಿಯದು ಮತ್ತು ಹೇರು ಸಹಿತ ಒಟ್ಟು. ಒಟ್ಟು 3,000 ಕಿಲೋ, ಖಾಲಿ 1,700 ಅಂತ ಇಟ್ಟುಕೊಳ್ಳಿ. ಉಳಿದದ್ದು 1,300. ಡ್ರೈವರು, ಸರಕಿನ ಮಾಲಕ ಇಬ್ಬರದು ಸೇರಿ 150 ಕಿಲೋ ಕಳೆಯಿರಿ. ಐವತ್ತು ಕಿಲೋದ ಉಳ್ಳಾಗಡ್ಡಿ ಚೀಲ ಇಪ್ಪತ್ಮೂರು ಹಿಡಿಯುತ್ತವೆ. ವೇ ಬ್ರಿಜ್ಜಿನ ಚೀಟಿ ಕೈಗೆ ಬಂದಾಗ ಅದನ್ನೂ ಆರ್‌ಸಿಯನ್ನೂ ಪಕ್ಕಪಕ್ಕ ಹಿಡಿದು ಒಮ್ಮೆ ನೋಡ್ರಿ. ಇಪ್ಪತ್ನಾಲ್ಕನೆಯ ಚೀಲ ಎರಡನೇ ಟ್ರಿಪ್ಪಿಗೆ ಬರಲಿ.